ಒಂಬತ್ತು ಜನರ ಮನೆಗೆ ಎರಡು ಸೀಟಿನ ಕಾರು

ನಮ್ಮ ಮನೆಯವರಿಗೆ ನಲವತ್ತು ತುಂಬಿದ ವರ್ಷ, ಪಂಪ್‌ಸೆಟ್ ಡೀಲರುಗಳ ಮೀಟಿಂಗಿದೆ ಅಂತ ಬೆಂಗಳೂರಿಗೆ ಹೋದವರು ಮೂರನೇ ದಿನ ಒಂದು ಕೆಂಪು ಕಾರು ಓಡಿಸಿಕೊಂಡು ವಾಪಸು ಬಂದರು. ಎರಡು ಸಾವಿರದ ಇಸವಿ ದಾಟಿ ನಾಲ್ಕು ವರ್ಷವಾಗಿತ್ತು. ಆಗ ಶಿವಮೊಗ್ಗದಲ್ಲಿ ದೊಡ್ಡ ಕಾರು ಅಂದರೆ ಅಡಿಕೆ ಮಂಡಿಯವರ ಎತ್ತರದ ಗಾಡಿಗಳು, ಹತ್ತೋಕೆ ಮೆಟ್ಟಿಲು ಬೇಕು ಅನ್ನಿಸುವಂಥವು. ಇದು ನೆಲಕ್ಕೆ ಅಂಟಿಕೊಂಡಿತ್ತು. ಗೇಟು ತೆಗೆಯಲು ಹೋದ ನಾನು ಕಾರಿನ ನೆತ್ತಿಯನ್ನು ಮೇಲಿನಿಂದ ನೋಡಿದೆ. ನಾನು ಎತ್ತರದ ಹೆಂಗಸಲ್ಲ. ಜೀವನದಲ್ಲಿ ನಾನು ಮೇಲಿನಿಂದ ನೋಡಿದ ಮೊದಲ ಕಾರು ಅದು.

ಮನೆಯಲ್ಲಿ ನಾವು ಒಂಬತ್ತು ಜನ. ಅತ್ತೆ, ಮಾವ, ನಾವಿಬ್ಬರು, ನಮ್ಮ ಇಬ್ಬರು ಹೆಣ್ಣುಮಕ್ಕಳು, ಮೈದುನ, ಅವನ ಹೆಂಡತಿ, ಅವರ ಕೂಸು. ಒಂಬತ್ತೂ ಜನ ಪೋರ್ಟಿಕೋದಲ್ಲಿ ನಿಂತು ನೋಡಿದೆವು. ಮಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಬಗ್ಗಿ ನೋಡಿದರು.

"ಎಷ್ಟು ಜನ ಕೂರಬಹುದು?"

"ಇಬ್ಬರು, ಅಪ್ಪಾಜಿ."

"ಮಿಕ್ಕವರು?"

ನಮ್ಮ ಮನೆಯವರು ಕರವಸ್ತ್ರ ತೆಗೆದು ಕಾರಿನ ಕನ್ನಡಿ ಒರೆಸತೊಡಗಿದರು. ಮಾವ ಅಂಗಡಿಗೆ ಹೋಗುತ್ತಿದ್ದದ್ದು ನಮ್ಮ ಮದುವೆಗೆ ಮುಂಚೆ ಕೊಂಡ ಸ್ಕೂಟರಿನಲ್ಲಿ. ಅದು ಕೆಟ್ಟರೆ ನಡೆದು ಹೋಗುತ್ತಿದ್ದರು. ಅವರು ಕಾರನ್ನು ಇನ್ನೊಂದು ಸಲ ನೋಡಿ, "ಇದು ಭೋಗ," ಅಂದು ಒಳಗೆ ಹೋದರು. ಆ ವಾರ ಪೂರ್ತಿ ಊಟಕ್ಕೆ ಕೂತಾಗಲೆಲ್ಲ ಭೋಗದ ವಿಷಯವೇ. ಮಗ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ನನಗೂ ಒಳಗೊಳಗೆ ಮಾವನ ಮಾತೇ ಸರಿ ಅನ್ನಿಸುತ್ತಿತ್ತು. ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಸೈಕಲ್ ತಂದರೆ ಅದರಲ್ಲಿ ಬೀದಿಯವರೆಲ್ಲ ಒಂದೊಂದು ಸುತ್ತು ಹೋಗಿಬರುತ್ತಿದ್ದರು. ಇಬ್ಬರಿಗೆ ಮಾತ್ರ ಜಾಗ ಇರುವ ಗಾಡಿಗೆ ಇಷ್ಟು ದುಡ್ಡು ಯಾಕೆ ಸುರಿಯಬೇಕು ಅಂತ ನನಗೆ ಅರ್ಥ ಆಗಿರಲಿಲ್ಲ.

ಕಾರಿನ ಕಂಪನಿಯ ಹೆಸರು ನಮ್ಮಲ್ಲಿ ಯಾರಿಗೂ ಬಾಯಿಗೆ ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ಅದಕ್ಕೆ "ಕೆಂಪಿ" ಅಂದರು, ಕೊಟ್ಟಿಗೆಗೆ ಹೊಸ ಹಸು ಬಂದ ಹಾಗೆ. ಅದೇ ನಿಂತಿತು.

ಪೂಜೆಗೆ ಕೋಟೆಯ ದೇವಸ್ಥಾನಕ್ಕೆ ಹೋಗುವುದು ಅಂತಾಯಿತು. ಮೊದಲ ಸಲ ಯಾರು ಕೂರಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಅತ್ತೆ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಹೂವಿನ ಬುಟ್ಟಿ ಹಿಡಿದು ಬಂದು ಎಡಗಡೆ ಬಾಗಿಲು ತೆಗೆದರು. ಅಲ್ಲಿ ಸ್ಟೇರಿಂಗ್ ಇತ್ತು.

"ಅಮ್ಮ, ಆ ಕಡೆ ನಾನು ಕೂರೋದು. ನೀವು ಬಲಗಡೆ ಬನ್ನಿ."

"ಯಾಕೋ, ಉಲ್ಟಾ ಕೊಟ್ಟಿದಾರಾ?"

ಆಗ ವಿಷಯ ಹೊರಬಂತು. ದೆಹಲಿಯಲ್ಲಿ ಯಾವುದೋ ದೇಶದ ರಾಯಭಾರ ಕಚೇರಿಯ ಅಧಿಕಾರಿ ಬಳಸಿ ಬಿಟ್ಟುಹೋದ ಕಾರು ಅದು. ಅವರ ದೇಶದಲ್ಲಿ ಸ್ಟೇರಿಂಗ್ ಎಡಗಡೆ. ಹಿಂದೆ ಬಿಳಿ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬರೆದಿತ್ತು, ಆದರೆ ನಮ್ಮೂರಲ್ಲಿ ಕಾರಿನ ಹಿಂಭಾಗ ಓದುವವರು ಯಾರು? ಅತ್ತೆ ಬಲಗಡೆ ಕೂತರು. ಕೂತರು ಅನ್ನುವುದಕ್ಕಿಂತ ಇಳಿದರು ಅನ್ನಬೇಕು, ಬಾವಿಗೆ ಇಳಿದ ಹಾಗೆ. ನಾವು ಉಳಿದವರು ಆಟೋದಲ್ಲಿ ಹಿಂದೆ ಹೋದೆವು.

ದೇವಸ್ಥಾನದ ಮುಂದೆ ಅತ್ತೆಯನ್ನು ಹೊರಗೆ ತೆಗೆಯುವುದು ದೊಡ್ಡ ಕೆಲಸವಾಯಿತು. ಸೀಟು ಅಷ್ಟು ಕೆಳಗಿತ್ತು. ಒಂದು ಕಾಲು ಹೊರಗೆ ಬಂದರೆ ಇನ್ನೊಂದು ಒಳಗೇ ಉಳಿಯಿತು. ಕೊನೆಗೆ ಇಬ್ಬರು ಹೂವಿನವರು ಬುಟ್ಟಿ ಕೆಳಗಿಟ್ಟು ಬಂದು, ಒಬ್ಬಳು ಕೈ ಹಿಡಿದು, ಒಬ್ಬಳು ಬೆನ್ನು ತಳ್ಳಿ ಎತ್ತಿ ನಿಲ್ಲಿಸಿದರು. ಅರ್ಚಕರು ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಹಚ್ಚುವಾಗ ನಮ್ಮ ಮನೆಯವರು ಬಣ್ಣದ ಚಿಂತೆಯಲ್ಲಿ, "ಸ್ವಲ್ಪ ಸಾಕು, ಸ್ವಲ್ಪ ಸಾಕು," ಅನ್ನುತ್ತಿದ್ದರು.

ಅತ್ತೆ ಇನ್ನು ಆ ಕಾರಿನ ತಂಟೆಗೆ ಬರುವುದಿಲ್ಲ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅವರು ಚಪ್ಪಲಿ ಹಾಕಿಕೊಂಡು ಪೋರ್ಟಿಕೋದಲ್ಲಿ ನಿಂತಿದ್ದರು. ಮಗ ಅಂಗಡಿಗೆ ಹೊರಡುವಾಗ, "ಹಂಗೇ ಗಾಂಧಿ ಬಜಾರಿಗೆ ಬಿಡು," ಅಂದರು. ಅದಾದ ಮೇಲೆ ತಂಗಿಯ ಮನೆ, ಕಣ್ಣಿನ ಡಾಕ್ಟರು, ಮಠ. ಇಳಿಯುವುದಕ್ಕೆ ತಮ್ಮದೇ ಒಂದು ಕ್ರಮ ಕಂಡುಹಿಡಿದುಕೊಂಡರು: ಮೊದಲು ಪೂರ್ತಿ ಬಾಗಿಲ ಕಡೆ ತಿರುಗುವುದು, ಎರಡೂ ಕಾಲು ಹೊರಗಿಡುವುದು, ಒಂದು ಊರುಗೋಲು ನೆಲಕ್ಕೆ ಊರಿ "ಶಿವಾ" ಅಂತ ಏಳುವುದು. ಹಂಪು ಬಂದರೆ ಗಾಡಿಯ ತಳ ತಾಗುತ್ತಿತ್ತು. ಭಾರ ಕಮ್ಮಿಯಾಗಲಿ ಅಂತ ಮಗ ಇಳಿಯಲು ಹೇಳಿದರೆ, "ನಾನು ಇಳಿದು ಹತ್ತೋದರೊಳಗೆ ಮುನಿಸಿಪಾಲಿಟಿಯವರೇ ಬಂದು ಹಂಪು ತೆಗೀತಾರೆ, ಹೋಗು," ಅನ್ನುತ್ತಿದ್ದರಂತೆ.

ಎಂಟು ತಿಂಗಳು ಆ ಸೀಟು ಅವರದ್ದಾಗಿತ್ತು. ನಾನು ಒಂದು ಸಲವೂ ಕೂರಲಿಲ್ಲ. ಕೇಳಲೂ ಇಲ್ಲ. ವಾರಗಿತ್ತಿ ಒಮ್ಮೆ, "ಅಕ್ಕ, ಕಾರು ಭಾವಂದು, ಸೀಟು ಅತ್ತೇದು, ಒರೆಸೋ ಬಟ್ಟೆ ಮಾತ್ರ ನಿಂದು," ಅಂದಳು. ನಗು ಬಂತು, ಸಿಟ್ಟೂ ಬಂತು.

ಈ ಮಧ್ಯೆ ಕೆಂಪು ಕಾರನ್ನು ನಮ್ಮತ್ತೆಯೇ ಓಡಿಸುತ್ತಾರೆ ಅಂತ ಊರಲ್ಲಿ ಒಂದು ಸುದ್ದಿ ಹಬ್ಬಿತು. ನಮ್ಮ ದೇಶದಲ್ಲಿ ಬಲಗಡೆ ಕೂತವರೇ ಡ್ರೈವರು. ಎದುರಿಗೆ ಬರುವವರಿಗೆ ಕಾಣುತ್ತಿದ್ದದ್ದು ಬಲಗಡೆ ಕಿಟಕಿಯಲ್ಲಿ ವಿಭೂತಿ ಹಚ್ಚಿದ ಅರವತ್ತನಾಲ್ಕು ವರ್ಷದ ಹೆಂಗಸು, ಕೆಂಪು ರೇಸಿನ ಕಾರು. ಅವರು ಒಮ್ಮೆ ಕಿತ್ತಳೆ ಸುಲಿಯುತ್ತಿದ್ದರು, ಒಮ್ಮೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಕಾರು ಮಾತ್ರ ತನ್ನ ಪಾಡಿಗೆ ತಾನು ತಿರುವು ತೆಗೆದುಕೊಳ್ಳುತ್ತಿತ್ತು. ಒಂದು ದಿನ ಶಿವಪ್ಪನಾಯಕ ಸರ್ಕಲ್ಲಿನಲ್ಲಿ ಹೊಸದಾಗಿ ಬಂದಿದ್ದ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿ ನಿಲ್ಲಿಸಿ, ಬಲಗಡೆ ಕಿಟಕಿಗೆ ಬಗ್ಗಿದನಂತೆ.

"ಅಜ್ಜಿ, ಕಣ್ಣು ಮುಚ್ಕೊಂಡು ಗಾಡಿ ಓಡಿಸ್ತೀರಲ್ಲ. ಸೈಡಿಗೆ ಹಾಕಿ, ಲೈಸೆನ್ಸ್ ತೋರಿಸಿ."

ಅತ್ತೆ ಕಣ್ಣು ಬಿಟ್ಟು, "ನಾನು ಹೇಳಿದ್ರೆ ಕೇಳೋ ಗಾಡಿ ಅಲ್ಲಪ್ಪ ಇದು. ಅವನಿಗೆ ಹೇಳು," ಅಂತ ಮಗನ ಕಡೆ ತೋರಿಸಿದರು. ಪೊಲೀಸಿನವನು ಅವರ ಮುಂದೆ ಸ್ಟೇರಿಂಗ್ ಹುಡುಕಿ, ಇಲ್ಲ ಅಂತ ಕಂಡು, ಸುಮ್ಮನೆ ಒಂದು ಸಲ್ಯೂಟ್ ಹೊಡೆದು ಕಳಿಸಿಬಿಟ್ಟ. ಮನೆಗೆ ಬಂದು ಅತ್ತೆ ಆ ಸಲ್ಯೂಟನ್ನು ನಮಗೆಲ್ಲ ಮಾಡಿ ತೋರಿಸಿದರು.

ಅದಾಗಿ ಹದಿನೈದು ದಿನಕ್ಕೆ ನಮ್ಮ ಬಡಾವಣೆಯ ಮಹಿಳಾ ಮಂಡಳಿಯವರು ಮೂರು ಜನ ಮನೆಗೆ ಬಂದರು. ಅಧ್ಯಕ್ಷೆ ರಿಟೈರಾದ ಟೀಚರು. "ಸಾಧನೆ ಮಾಡಿದ ಮಹಿಳೆಯರಿಗೆ ಸನ್ಮಾನ ಇಟ್ಕೊಂಡಿದೀವಿ ಅಮ್ಮ. ಈ ವಯಸ್ಸಲ್ಲಿ ಅಂಥ ಕಾರು ಓಡಿಸ್ತೀರಿ. ನೀವು ಬರಲೇಬೇಕು," ಅಂದರು.

ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಅತ್ತೆ ನನ್ನ ಮುಖ ನೋಡಲಿಲ್ಲ. "ಸರಿ, ಬರ್ತೀನಿ," ಅಂದರು.

ಅವರು ಹೋದ ಮೇಲೆ ಕೇಳಿದೆ. "ಅತ್ತೆ, ಅವರು ನೀವೇ ಓಡಿಸ್ತೀರಿ ಅಂದ್ಕೊಂಡಿದಾರೆ."

"ಓಡಿಸ್ತೀನಿ ಅಂತ ನಾನು ಹೇಳಿದ್ನಾ?"

"ಇಲ್ಲ."

"ಓಡಿಸಲ್ಲ ಅಂತ ಹೇಳೋಕೆ ಅವರು ಕೇಳಿದ್ರಾ? ಕರೆದಿದಾರೆ, ಹೋಗೋದು, ಅಷ್ಟೆ ಮಾರಾಯ್ತಿ."

ಸಮಾರಂಭದ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಅಂತ ಮೈಕು ಮುಂದಿಟ್ಟರು. ನಾನು ಕೊನೇ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದೆ. ಅತ್ತೆ ಗಂಟಲು ಸರಿಮಾಡಿಕೊಂಡು, "ಕಾರು ಅಂದ್ರೆ ದೊಡ್ಡ ವಿಷಯ ಅಲ್ಲ. ರಸ್ತೆ ನೋಡ್ಬೇಕು. ಪಕ್ಕದವರ ಮಾತು ಕೇಳ್ಬೇಕು. ನಮ್ಮ ಕಾರಲ್ಲಿ ಪಕ್ಕದವರ ಮಾತು ಕೇಳ್ತಾರೆ, ಅದಕ್ಕೇ ಇವತ್ತಿನ ತನಕ ಏನೂ ಆಗಿಲ್ಲ," ಅಂದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಜೋರು ಚಪ್ಪಾಳೆ ಬಿತ್ತು.

ಶಾಲು ಮಾತ್ರ ಅವರನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ಎರಡು ದಿನ ಅದು ದೇವರ ಮನೆಯ ಮಣೆಯ ಮೇಲೆ ಮಡಚಿದಂತೆಯೇ ಇತ್ತು. ಮೂರನೇ ದಿನ ಪೂಜೆ ಮುಗಿಸಿ ಬಂದು ಮಗನಿಗೆ, "ನನಗೆ ಡ್ರೈವಿಂಗ್ ಕಲಿಸು," ಅಂದರು. ನಮ್ಮ ಮನೆಯವರು ನಕ್ಕರು. ಅತ್ತೆ ನಗಲಿಲ್ಲ. "ಕಲೀದೆ ಶಾಲು ತಗೊಂಡಿದೀನಿ. ವಾಪಸು ಕೊಟ್ರೆ ಅವರಿಗೆ ಅವಮಾನ. ಇಟ್ಕೊಂಡ್ರೆ ನನಗೆ ಪಾಪ. ಕಲಿಯೋದೊಂದೇ ದಾರಿ."

"ಹಂಗಾದ್ರೆ ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಕಲೀರಿ," ಅಂದೆ ನಾನು.

"ಶಾಲು ಕೊಟ್ಟಿದ್ದು ಕೆಂಪಿಗೆ," ಅಂದರು.

ಮಾವ ಪೇಪರ್ ಮಡಚಿ ಎದ್ದು ಹೋದರು. ಅತ್ತೆ ಡಾಕ್ಟರ ಸರ್ಟಿಫಿಕೇಟು ಮಾಡಿಸಿ, ರಸ್ತೆ ಚಿಹ್ನೆಗಳ ಪುಸ್ತಕವನ್ನು ಮೊಮ್ಮಕ್ಕಳಿಂದ ಓದಿಸಿಕೊಂಡು ಬಾಯಿಪಾಠ ಮಾಡಿ, ಎಲ್‌ಎಲ್‌ಆರ್ ತಂದೇ ಬಿಟ್ಟರು. ಇನ್ನು ಕಲಿಸುವ ಜಾಗ ಬೇಕಿತ್ತು. ಶಿವಮೊಗ್ಗದಲ್ಲಿ ಕಲಿಸಿದರೆ ಮಂಡಳಿಯವರ ಕಣ್ಣಿಗೆ ಬೀಳುತ್ತದೆ. ಭದ್ರಾವತಿಯ ನ್ಯೂ ಟೌನ್ ಆಗಬಹುದು ಅಂತ ನಮ್ಮ ಮನೆಯವರೇ ಹೇಳಿದರು. ಅಲ್ಲಿ ಕ್ವಾರ್ಟರ್ಸಿನ ರಸ್ತೆಗಳು ನೇರ, ಅಗಲ, ಭಾನುವಾರ ಖಾಲಿ. ಅಪ್ಪನ ಮನೆಯೂ ಅಲ್ಲೇ.

ಹೀಗೆ ಭಾನುವಾರ ಬೆಳಿಗ್ಗೆ ನನ್ನ ತವರಿಗೆ ನಮ್ಮತ್ತೆ ಸ್ಪೋರ್ಟ್ಸ್ ಕಾರಿನಲ್ಲಿ ಹೋಗತೊಡಗಿದರು. ನಾನು ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ನಾನು ತಲುಪುವ ಹೊತ್ತಿಗೆ ಅವರದು ಎರಡನೇ ಕಾಫಿ ಆಗಿರುತ್ತಿತ್ತು.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅತ್ತೆ ನಮ್ಮ ಅಪ್ಪನ ಮನೆಗೆ ಬಂದಿದ್ದದ್ದು ಮೂರೇ ಸಲ. ಮೂರು ಸಲವೂ ಕುರ್ಚಿಯ ತುದಿಯಲ್ಲಿ ಕೂತು, ಅರ್ಧ ಲೋಟ ಕಾಫಿ ಬಿಟ್ಟು ಹೋಗಿದ್ದರು. ಎರಡು ರೂಮಿನ ಕ್ವಾರ್ಟರ್ಸು ಅವರಿಗೆ ಕಿರಿದು ಅನ್ನಿಸುತ್ತಿತ್ತೇನೋ, ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ಅದೇ ಮನೆಯ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ನಮ್ಮಮ್ಮ ಮಾಡಿದ ಒಗ್ಗರಣೆ ಅವಲಕ್ಕಿ ಹಾಕಿಸಿಕೊಂಡು ತಿನ್ನುತ್ತಿದ್ದರು.

ಮೊದಲ ಭಾನುವಾರ ಮಗನೇ ಕಲಿಸಲು ಕೂತರು. ಐದು ನಿಮಿಷದಲ್ಲಿ ಇಬ್ಬರಿಗೂ ಜಗಳವಾಗಿ, ಅತ್ತೆ, "ನೀನು ಇಳಿ," ಅಂದರು. "ನನ್ನ ಕಾರು ಅಮ್ಮ," ಅಂದರು ಮಗ. "ಇರಬಹುದು. ಇಳಿ."

ಆಮೇಲೆ ಅಪ್ಪನನ್ನು ಕರೆದರು. ಅಪ್ಪ ಕಾರು ಓಡಿಸಿದವರಲ್ಲ. ಆದರೆ ಮೂವತ್ತು ವರ್ಷ ಕ್ರೇನಿನ ಮೇಲೆ ಕೂತು, ಕೆಂಡದಂಥ ಕಬ್ಬಿಣವನ್ನು ಜನರ ತಲೆಯ ಮೇಲಿಂದ ಸಾಗಿಸಿದವರು. ಅವರಿಗೆ ಗಾಬರಿ ಅನ್ನುವುದೇ ಇರಲಿಲ್ಲ. ಮೊದಲು ಬಾನೆಟ್ ತೆಗೆದು ನೋಡಿದರು. ಅಲ್ಲಿ ಒಂದು ಹಾಸುಗಂಬಳಿ ಇಡುವಷ್ಟು ಜಾಗ ಬಿಟ್ಟರೆ ಏನೂ ಇರಲಿಲ್ಲ.

"ಅಳಿಯಂದಿರೇ, ಇಂಜಿನ್ ಮನೇಲೇ ಬಿಟ್ಟು ಬಂದ್ರಾ?"

ಇಂಜಿನ್ ಹಿಂದಿದೆ ಅಂತ ತೋರಿಸಿದ ಮೇಲೆ ಅದರ ಮುಂದೆ ಬಗ್ಗಿ, ಸ್ಟಾರ್ಟ್ ಮಾಡಿಸಿ, ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. "ಒಳ್ಳೇ ಕೆಲಸ ಮಾಡಿದಾರೆ," ಅಂದರು. ಆ ಕಾರನ್ನು ಬೆಲೆ ಕೇಳದೆ ಹೊಗಳಿದವರು ನಾನು ಕಂಡ ಹಾಗೆ ಅವರೊಬ್ಬರೇ.

ಅಪ್ಪ ಬಲಗಡೆ ಕೂತರು, ಅತ್ತೆ ಎಡಗಡೆ. "ಬೀಗಿತ್ತಿಯವರೇ, ನಿಧಾನ. ಕಾಲು ಎತ್ತೋದು ಹಾಲು ಉಕ್ಕಿದ ಹಾಗೆ ಇರಬೇಕು, ಒಂದೇ ಸಲ ಅಲ್ಲ," ಅಂತ ಕ್ಲಚ್ಚಿನ ಬಗ್ಗೆ ಹೇಳುವರು. ಅತ್ತೆ, "ಹಾಲು ಉಕ್ಕೋದು ಒಂದೇ ಸಲ ಬೀಗರೇ, ನೀವು ಅಡುಗೆಮನೆಗೆ ಹೋಗಿದ್ರೆ ತಾನೆ ಗೊತ್ತಿರೋದು," ಅನ್ನುವರು. ಕಾರು ಕಪ್ಪೆಯ ಹಾಗೆ ಹಾರಿ ನಿಲ್ಲುತ್ತಿತ್ತು. ಎದುರು ಮನೆಯ ತಮಿಳು ಹೆಂಗಸರು ಕುರ್ಚಿ ತಂದು ಹಾಕಿಕೊಂಡು ಕೂತರು. ಅವರ ಮಕ್ಕಳು "ಪಾಟ್ಟಿ, ಪಾಟ್ಟಿ" ಅಂತ ಕೂಗುತ್ತಾ ಸೈಕಲ್ಲಿನಲ್ಲಿ ಹಿಂದೆ ಹೋಗುತ್ತಿದ್ದರು. ಅಜ್ಜಿಗೆ ಅವರ ಭಾಷೆಯಲ್ಲಿ ಹಾಗೆ. ಕಾರು ಕೊಂಡ ಮನುಷ್ಯ ಮಾತ್ರ ರಸ್ತೆ ಬದಿಯಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿರುತ್ತಿದ್ದರು.

ಐದನೇ ಭಾನುವಾರ ಅತ್ತೆ ಎರಡನೇ ಗೇರಿಗೆ ಹೋದರು. ನೀರಿನ ಟ್ಯಾಂಕಿನವರೆಗೆ ನೇರ ಹೋಗಿ, ಚೆನ್ನಾಗಿಯೇ ತಿರುಗಿಸಿಕೊಂಡರು. ವಾಪಸು ಬರುವಾಗ ನಮ್ಮನ್ನೆಲ್ಲ ನೋಡಿ, ಒಂದು ಕೈ ಬಿಟ್ಟು, ಆ ಪೊಲೀಸಿನವನ ಹಾಗೆ ಸಲ್ಯೂಟ್ ಹೊಡೆದರು. ಕಾರು ರಸ್ತೆ ಬಿಟ್ಟು ಹೋಗಿ ಬೇಲಿಯ ಕಲ್ಲುಕಂಬಕ್ಕೆ ಗುದ್ದಿ ನಿಂತಿತು.

ನಾವೆಲ್ಲ ಓಡಿದೆವು. ಯಾರಿಗೂ ಏನೂ ಆಗಿರಲಿಲ್ಲ. ಬಂಪರ್ ಸೀಳಿತ್ತು, ಒಂದು ಲೈಟು ವೈರಿನಲ್ಲಿ ನೇತಾಡುತ್ತಿತ್ತು. ಅತ್ತೆ ತಮ್ಮ ಕ್ರಮದ ಪ್ರಕಾರ ತಿರುಗಿ, ಕಾಲು ಹೊರಗಿಟ್ಟು, ಎದ್ದು ನಿಂತು ನೋಡಿದರು. "ಕಂಬಕ್ಕೆ ಏನೂ ಆಗಿಲ್ಲ ಅಲ್ವಾ ಬೀಗರೇ?" ಅಂದರು.

ನಮ್ಮ ಮನೆಯವರು ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಅಪ್ಪ ಮನೆಯಿಂದ ಕಟ್ಟುವ ತಂತಿ, ಇಕ್ಕಳ ತಂದು ಒಂದು ಗಂಟೆ ಕೂತು ಬಂಪರನ್ನು ಹೊಲಿದರು. ಹೊಲಿದರು ಅಂತಲೇ ಹೇಳಬೇಕು, ಗೋಣಿಚೀಲದ ಬಾಯಿ ಹೊಲಿದಂತೆಯೇ ಇತ್ತು. ಮುಗಿಸಿ, "ಇಂಜಿನ್ನಿಗೆ ಏನೂ ಆಗಿಲ್ಲ," ಅಂದರು. ಇಂಜಿನ್ ಹಿಂದಿತ್ತು, ಆಗುವುದಾದರೂ ಹೇಗೆ?

ಹೊರಡುವ ಹೊತ್ತಿಗೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ನಾನು ಮಕ್ಕಳ ಜೊತೆ ಬಸ್ಸಲ್ಲಿ ಬರ್ತೀನಿ. ನೀನು ಅವನ ಜೊತೆ ಹೋಗು. ಏನೂ ಮಾತಾಡ್ಬೇಡ, ಅವನಾಗಿ ಮಾತಾಡಿದ್ರೆ ಮಾತಾಡು."

ಹಾಗೆ ನಾನು ಆ ಕಾರಿನಲ್ಲಿ ಮೊದಲ ಸಲ ಕೂತೆ. ಸೀಟು ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡಂತೆ ಹಿಡಿದುಕೊಂಡಿತು. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೈವೇಗೆ ಬಂದ ಮೇಲೆ ಜೀವ ಬಾಯಿಗೆ ಬಂತು. ಬಲಗಡೆ ಕೂತವರ ಮುಖಕ್ಕೇ ಎದುರಿನ ಲಾರಿಗಳು ಬರುತ್ತವೆ, ಕೈಯಲ್ಲಿ ಹಿಡಿಯಲು ಸ್ಟೇರಿಂಗ್ ಕೂಡ ಇಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ನಮ್ಮ ಮನೆಯವರು, "ನೋಡಿ ಹೇಳು," ಅಂದರು.

"ಏನು ನೋಡಲಿ?"

"ಎದುರಿಗೆ ಗಾಡಿ ಬರ್ತಿದ್ಯಾ ಅಂತ. ನನಗೆ ಈ ಕಡೆಯಿಂದ ಕಾಣಲ್ಲ."

"ಹಂಗಿದ್ರೆ ಇಷ್ಟು ದಿನ?"

"ಅಮ್ಮ ಹೇಳ್ತಿದ್ರು. ಹೋಗು ಅಂದ್ರೆ ಹೋಗ್ತಿದ್ದೆ, ಬೇಡ ಅಂದ್ರೆ ಇಲ್ಲ."

ಮಂಡಳಿಯವರು ಕೊಟ್ಟ ಶಾಲಿನಲ್ಲಿ ಅರ್ಧವಾದರೂ ನ್ಯಾಯವಾದದ್ದು ಅಂತ ಆಗ ತಿಳಿಯಿತು. ನನಗೆ ಆ ಧೈರ್ಯ ಇರಲಿಲ್ಲ. ನಾನು ಕಣ್ಣು ಮುಚ್ಚಿ, "ಬೇಡ," ಅಂದೆ. ಹಾಗಾಗಿ ಮಾಚೇನಹಳ್ಳಿಯವರೆಗೂ ಆ ಟ್ರ್ಯಾಕ್ಟರಿನ ಹಿಂದೆಯೇ, ಅದರ ಕಬ್ಬಿನ ಸೋಗೆ ನೋಡುತ್ತಾ, ಆಳು ನಡೆಯುವ ವೇಗದಲ್ಲಿ ಹೋದೆವು. ಅದಕ್ಕೇ ಇರಬೇಕು, ಅವರು ಮಾತಾಡಿದರು.

"ಬೇಜಾರಿಲ್ಲ ನನಗೆ. ಬಂಪರ್ ತರಿಸಬಹುದು."

ನಾನು ಕಬ್ಬಿನ ಸೋಗೆಯನ್ನೇ ನೋಡುತ್ತಿದ್ದೆ.

"ಅಂಗಡಿ ಅಪ್ಪಾಜಿದು, ಮನೆ ಅಪ್ಪಾಜಿದು. ನನ್ನ ಶರ್ಟಿನ ಬಟ್ಟೆ ಕೂಡ ಇವತ್ತಿಗೂ ಅವರೇ ಆರಿಸೋದು. ನಲವತ್ತಕ್ಕೆ ನಂದು ಅಂತ ಒಂದು ಇರಲಿ ಅನ್ನಿಸ್ತು. ಬೆಂಗಳೂರಲ್ಲಿ ಸೆಕೆಂಡ್‌ಹ್ಯಾಂಡ್ ಶೋರೂಮಲ್ಲಿ ದೊಡ್ಡ ದೊಡ್ಡ ಕಾರು ತೋರಿಸಿದ್ರು. ಎಲ್ಲದರಲ್ಲೂ ಏಳು ಜನ, ಎಂಟು ಜನ. ಇದನ್ನ ಯಾಕೆ ತಗೊಂಡೆ ಗೊತ್ತಾ? ಎರಡೇ ಸೀಟು ಇತ್ತು. ಒಂದು ನಂದು, ಒಂದು ನಿಂದು. ಭಾನುವಾರ ಎಲ್ಲಾದ್ರೂ ಹೋಗಿ ಬರೋಣ ಅಂತ, ತ್ಯಾವರೆಕೊಪ್ಪಕ್ಕೋ ಎಲ್ಲಿಗೋ."

"ಹುಲಿ ನೋಡೋಕಾ?" ಅಂದೆ.

"ಏನೋ ಒಂದು."

"ಎಂಟು ತಿಂಗಳಲ್ಲಿ ಒಂದು ಸಲನಾದ್ರೂ ಹೇಳಬಹುದಿತ್ತಲ್ರೀ."

"ಹೆಂಗೆ ಹೇಳೋದು? ಅಮ್ಮ ಕೂತಿರ್ತಿದ್ರಲ್ಲ."

ಇಬ್ಬರಿಗೂ ನಗು ಬಂತು. ನಗುತ್ತಲೇ ನನಗೆ ಕಣ್ಣಲ್ಲಿ ನೀರೂ ಬಂತು. ಅವರು ನೋಡಲಿಲ್ಲ, ಟ್ರ್ಯಾಕ್ಟರ್ ನೋಡುತ್ತಿದ್ದರು. ಇಂಥ ಕಾರು ಸುಖ ಕೊಡುತ್ತದೆಯೇ ಅಂತ ಯಾರಾದರೂ ಕೇಳಿದರೆ ಆ ದಿನದ ಬಗ್ಗೆ ನಾನು ಸುಳ್ಳು ಹೇಳಲಾರೆ. ಆದರೆ ಆವತ್ತು ಅದೇ ಟ್ರ್ಯಾಕ್ಟರಿನ ಹಿಂದೆ ಮಾವನ ಸ್ಕೂಟರಿನಲ್ಲಿ ಹೋಗಿದ್ದರೂ ಆ ಮಾತು ಬರುತ್ತಿತ್ತೋ ಏನೋ. ಸ್ಕೂಟರಿನಲ್ಲಿ ನಾವು ಹನ್ನೆರಡು ವರ್ಷ ಹೋಗಿದ್ದೆವಲ್ಲ, ಬಂದಿರಲಿಲ್ಲ. ಇದರ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ.

ಆ ಲೈಟಿನ ಸಾಮಾನು ಹೊರದೇಶದಿಂದ ಬರಬೇಕಿತ್ತು. ಕಾರು ಮೂರು ತಿಂಗಳು ಪೋರ್ಟಿಕೋದಲ್ಲೇ ನಿಂತಿತು. ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ಹೊರಗೆ ಬಂದಾಗ ಅದರೊಳಗೆ ಯಾರೋ ಇದ್ದ ಹಾಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಮಾವ. ಬಾಗಿಲು ಹಾಕಿಕೊಂಡು, ಕಿಟಕಿ ಒಂದು ಬೆರಳು ಇಳಿಸಿಕೊಂಡು, ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಗಾಜು ಇನ್ನಷ್ಟು ಇಳಿಸಿದರು.

"ಒಳಗೆ ಗಲಾಟೆ. ಇಲ್ಲಿ ಯಾರೂ ಮಾತಾಡಿಸಲ್ಲ," ಅಂದರು. ಸ್ವಲ್ಪ ತಡೆದು, "ನಿಮ್ಮತ್ತೆಗೆ ಹೇಳ್ಬೇಡ," ಅಂದರು. ನಾನು ಹೇಳಲಿಲ್ಲ. ಆಮೇಲೆ ಊಟದ ಹೊತ್ತಿನಲ್ಲಿ ಭೋಗದ ಮಾತು ಕಮ್ಮಿಯಾಯಿತು.

ರಿಪೇರಿ ಆದ ಮೇಲೆ ನಾವಿಬ್ಬರೂ ಅದರಲ್ಲಿ ಎರಡು ಸಲ ತ್ಯಾವರೆಕೊಪ್ಪಕ್ಕೆ ಹೋದೆವು. ಒಂದು ಸಲ ಹುಲಿ ಮಲಗಿತ್ತು. ಇನ್ನೊಂದು ಸಲ ಸಫಾರಿಯ ವ್ಯಾನಿಗೆ ಕಾಯುವಾಗ ನಮ್ಮ ಕಾರಿನ ಸುತ್ತ ಎಷ್ಟು ಜನ ಸೇರಿದರೆಂದರೆ, ಹುಲಿ ನೋಡಲು ಬಂದವರೆಲ್ಲ ಇಲ್ಲೇ ನಿಂತರು. ಅತ್ತೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಆದರೆ ಭಾನುವಾರ ಭದ್ರಾವತಿಗೆ ಹೋಗುವುದನ್ನು ಬಿಡಲಿಲ್ಲ. ನನ್ನ ಜೊತೆ ಬಸ್ಸಿನಲ್ಲೇ ಬಂದು, ನಮ್ಮಮ್ಮನ ಜೊತೆ ಹರಟೆ ಹೊಡೆದು, ಲೋಟ ಖಾಲಿ ಮಾಡಿ ಹೊರಡುತ್ತಿದ್ದರು.

ಒಂದೊಂದು ಸಾಮಾನಿಗೂ ಹೊರದೇಶದ ದಾರಿ ಕಾಯಬೇಕಾಗಿ, ಮುಂದಿನ ವರ್ಷ ಕಾರನ್ನು ಮಾರಿದೆವು. ಕೊಳ್ಳಲು ಬೆಂಗಳೂರಿನಿಂದ ಬಂದವನಿಗೆ ಮೂವತ್ತು ಇರಬಹುದು, ಕಣ್ಣಿಗೆ ಕಪ್ಪು ಕನ್ನಡಕ. ಅತ್ತೆ ಅವನನ್ನು ಕೂರಿಸಿ, ತಿಂಡಿ ಕೊಟ್ಟು ವಿಚಾರಿಸಿದರು.

"ಮದುವೆ ಆಗಿದ್ಯೇನಪ್ಪಾ?"

"ಇಲ್ಲ ಆಂಟಿ."

"ತಾಯಿ ಇದಾರಾ?"

"ಇದಾರೆ."

"ಹಂಗಿದ್ರೆ ಮದುವೆಗೆ ಮುಂಚೆನೇ ಚೆನ್ನಾಗಿ ಓಡಾಡ್ಕೊ," ಅಂದರು. ಅವನಿಗೆ ಅರ್ಥವಾಗಲಿಲ್ಲ, ಥ್ಯಾಂಕ್ಸ್ ಅಂದ. ನಮ್ಮ ಮನೆಯವರು ಒಳಗೆ ಹೋಗಿ ಕೆಮ್ಮಿದರು.

ಆ ದುಡ್ಡಿಗೆ ಎತ್ತರದ, ಎಂಟು ಸೀಟಿನ ಗಾಡಿ ಬಂತು. ಅದರಲ್ಲಿ ಎಲ್ಲರೂ ಹೋಗುತ್ತಿದ್ದೆವು, ಕೂಸು ಮಡಿಲಲ್ಲಿ. ಮುಂದೆ ಮಗನ ಪಕ್ಕ ಅತ್ತೆ, ಮಧ್ಯೆ ಮಾವ, ಮೈದುನ, ವಾರಗಿತ್ತಿ. ನಾನು ತೀರಾ ಹಿಂದೆ, ಘಾಟಿ ಬಂದರೆ ವಾಂತಿ ಮಾಡುವ ಇಬ್ಬರು ಹೆಣ್ಣುಮಕ್ಕಳ ನಡುವೆ, ಕೈಯಲ್ಲಿ ನಿಂಬೆಹಣ್ಣು ಮತ್ತು ಪ್ಲಾಸ್ಟಿಕ್ ಕವರು ಹಿಡಿದು ಕೂರುತ್ತಿದ್ದೆ.